ಕಿವಿಯ ಎತ್ತರ

ಫೆಬ್ರವರಿ 4

ತಮ್ಮಯ್ಯಾ,

ಕಾಗದ ನೋಡಿ ಗಾಬರಿಯಾಗಬೇಡ. ಫೋನಿರುವಾಗ ಇವಳಿಗೇನು ಬಂತು ಅಂದುಕೊಳ್ಳುತ್ತೀಯ, ಗೊತ್ತು. ನಮ್ಮದು ಎರಡೇ ಕೋಣೆಯ ಮನೆ. ಅಡುಗೆಮನೆಯಲ್ಲಿ ಪಿಸುಗುಟ್ಟಿದರೂ ನಿನ್ನ ಭಾವನ ಕಿವಿಗೆ ಬೀಳುತ್ತದೆ. ಆಯುಸ್ಸೆಲ್ಲ ಟಾಕೀಸಿನಲ್ಲಿ ಸೌಂಡ್ ನೋಡಿಕೊಂಡವರ ಕಿವಿ ಅದು. ಈ ಕೆಲಸ ಅವರಿಗೆ ತಿಳಿಯದ ಹಾಗೆ ಆಗಬೇಕು. ಅದಕ್ಕೇ ಕಾಗದ. ನೀನೂ ಹೀಗೇ ಬರೆ, ಮೇಲಿನ ಮನೆಯವರ ವಿಳಾಸಕ್ಕೆ ಹಾಕು.

ಟಾಕೀಸು ಕೆಡವಿದಾಗ ಆಪರೇಟರ್ ಕೋಣೆಯ ಜೋಡಿ ಸ್ಪೀಕರುಗಳನ್ನು ಹೊತ್ತು ತಂದರಲ್ಲ, ನೆನಪಿದೆಯಾ? ಮರದ ಪೆಟ್ಟಿಗೆ, ಮುಂದೆ ಕಂದು ಬಟ್ಟೆ, ಒಳಗೆ ಸದ್ದು ಹೊಮ್ಮುವ ಕಾಗದದ ಕೋನು. ಈಗ ಅಂಥವು ಎಲ್ಲೂ ಸಿಗುವುದಿಲ್ಲವಂತೆ. ಅಂದಿನಿಂದ ಅವು ನೆಲದ ಮೇಲೇ ಕೂತಿವೆ. "ನೆಲದ ಮೇಲಿಟ್ರೆ ಮೊಣಕಾಲಿಗೆ ಹಾಡ್ತವೆ ಕಣೇ, ಕಿವಿಗಲ್ಲ" ಅಂತ ದಿನಾ ಗೊಣಗುತ್ತಾರೆ. ಒಂದು ಜೊತೆ ಸ್ಟ್ಯಾಂಡು ಮಾಡಿಕೊಡುತ್ತೀಯಾ? ಅಂಗಡಿಯ ಕಬ್ಬಿಣದ್ದು ಅವರಿಗೆ ಆಗದು. ಮರದ್ದೇ ಬೇಕು, ಗೊತ್ತಿರುವವರ ಕೈಯದ್ದು ಬೇಕು.

ಅವರು ಸ್ನಾನಕ್ಕೆ ಹೋದಾಗ ಅಳೆದಿದ್ದೇನೆ. ಪೆಟ್ಟಿಗೆಯ ಎತ್ತರ ಎರಡಡಿ, ಅಗಲ ಹದಿನಾಲ್ಕು ಇಂಚು, ಆಳ ಹನ್ನೆರಡು. ಉಳಿದದ್ದು ಏನೇನು ಬೇಕು ಕೇಳು.

ಇವರು ಚೆನ್ನಾಗಿದ್ದಾರೆ. ಸ್ವಲ್ಪ ಸುಸ್ತು ಅನ್ನುತ್ತಾರೆ, ಅಷ್ಟೆ.

ಅಕ್ಕ


ಫೆಬ್ರವರಿ 12

ಅಕ್ಕಾ,

ಹಲ್ಲು ಕಟ್ಟುವವನಿಗೆ ಕಾಲು ಕಟ್ಟುವ ಕೆಲಸ ಕೊಟ್ಟೆಯಲ್ಲ, ನಿನ್ನ ಧೈರ್ಯ ದೊಡ್ಡದು. ದಿನವಿಡೀ ಕ್ಲಿನಿಕ್ಕಿನ ಹಿಂಬದಿಯ ಕೋಣೆಯಲ್ಲಿ ಕೂತು ಊರವರಿಗೆಲ್ಲ ಹಲ್ಲಿನ ಸೆಟ್ಟು ತೀಡುತ್ತೇನೆ. ಭಾನುವಾರ ಬಾಲ್ಕನಿಯಲ್ಲಿ ಮರ ಕೊಯ್ಯುತ್ತೇನೆ. ನಾನು ಮಾಡಿದ ಸ್ಟೂಲು ಇವತ್ತಿಗೂ ಮೂರು ಕಾಲಿನ ಮೇಲೆ ನಿಲ್ಲುತ್ತದೆ, ನಾಲ್ಕನೆಯದು ಸುಮ್ಮನೆ ಜೊತೆಗಿದೆ. ಆದರೂ ಭಾವನಿಗೆ ಅಂದರೆ ಇಲ್ಲ ಅನ್ನುತ್ತೇನಾ?

ಕ್ಲಿನಿಕ್ಕಿನ ಹಳೆಯ ಕಪಾಟು ಎಸೆಯುವವರಿದ್ದರು, ಬೇಡಿ ತಂದೆ. ಒಳ್ಳೇ ತೇಗ. ಕಾಲುಗಳನ್ನು ಟೊಳ್ಳಾಗಿ ಕಟ್ಟಿ ಒಳಗೆ ಒಣ ಮರಳು ತುಂಬುತ್ತೇನೆ. ಹಾಗೆ ಮಾಡಿದರೆ ಸ್ಪೀಕರು ಗುಡುಗಿದರೂ ಸ್ಟ್ಯಾಂಡು ನಡುಗುವುದಿಲ್ಲವಂತೆ. ಮನೆಯ ತುಂಬ ಮರಳು. ಇವಳು "ಬೀಚಿಗೆ ಕರ್ಕೊಂಡ್ಹೋಗಿ ಅಂದ್ರೆ ಬೀಚನ್ನೇ ತಂದ್ರಲ್ಲ" ಅಂತ ಗುಡಿಸುತ್ತಿದ್ದಾಳೆ.

ಒಂದೇ ಒಂದು ಲೆಕ್ಕ ಮುಖ್ಯ. ಪೆಟ್ಟಿಗೆಯಲ್ಲಿ ಎರಡು ಕೋನಿರುತ್ತವೆ. ಮೇಲಿನ ಸಣ್ಣದು ಕೇಳುವವನ ಕಿವಿಯ ನೇರಕ್ಕೆ ಬರಬೇಕು. ಭಾವ ಎಲ್ಲಿ ಕೂತು ಕೇಳುತ್ತಾರೋ ಅಲ್ಲಿ ನೆಲದಿಂದ ಕಿವಿಯವರೆಗೆ ಅಳೆ. ಅದರಲ್ಲಿ ಪೆಟ್ಟಿಗೆಯ ಬುಡದಿಂದ ಸಣ್ಣ ಕೋನಿನವರೆಗಿನ ಎತ್ತರ ಕಳೆ. ಉಳಿದದ್ದೇ ಸ್ಟ್ಯಾಂಡು.

ತಮ್ಮ


ಫೆಬ್ರವರಿ 20

ತಮ್ಮಯ್ಯಾ,

ರಿಪೇರಿ ಮೇಜಿನ ಮುಂದೆ ಎತ್ತರದ ಸ್ಟೂಲಿನ ಮೇಲೆ ಕೂತೇ ಅವರು ಹಾಡು ಕೇಳುವುದು. ಕಿವಿ ನಲವತ್ತನಾಲ್ಕು ಇಂಚಿಗೆ ಬರುತ್ತದೆ. ಸಣ್ಣ ಕೋನು ಬುಡದಿಂದ ಹತ್ತೊಂಬತ್ತು. ಸ್ಟ್ಯಾಂಡು ಇಪ್ಪತ್ತೈದು, ಸರಿಯಾ? ಟೇಪು ಹಿಡಿದು ಪಕ್ಕದಲ್ಲಿ ನಿಂತಿದ್ದಕ್ಕೆ "ಏನೇ, ಶವಪೆಟ್ಟಿಗೆಗೆ ಅಳತೆನಾ?" ಅಂದರು. ನಿನ್ನ ಭಾವನ ತಮಾಷೆ ನಿನಗೆ ಗೊತ್ತಲ್ಲ. ನಾನು ಶರ್ಟು ಹೊಲಿಸಬೇಕು ಅಂತ ತೇಲಿಸಿದೆ.

ಅಕ್ಕ


ಮಾರ್ಚ್ 15

ತಮ್ಮಯ್ಯಾ,

ಬೈಯಬೇಡ. ಹದಿನೆಂಟು ಇಂಚು ಮಾಡು. ಇವರು ಈಗ ಆ ಸ್ಟೂಲು ಹತ್ತುವುದಿಲ್ಲ. ಕಿಟಕಿಯ ಹತ್ತಿರದ ಕೈಕುರ್ಚಿಯಲ್ಲೇ ಕೂರುತ್ತಾರೆ. ಅಲ್ಲಿ ಬಿಸಿಲು ಚೆನ್ನಾಗಿದೆ.

ಕೆಲಸ ಎಲ್ಲಿಯವರೆಗೆ ಬಂತು?

ಅಕ್ಕ


ಮಾರ್ಚ್ 22

ಅಕ್ಕಾ,

ಕೆಲಸ ಮುಗಿಯುವವರೆಗೆ ಬಂದಿತ್ತು! ಎಂಟು ಕಾಲು ನಿಲ್ಲಿಸಿ, ಮರಳು ತುಂಬಿ, ಬಾಯಿ ಮುಚ್ಚಿ, ಒಂದು ಕೈ ಪಾಲಿಶು ಕೂಡ ಕೊಟ್ಟಿದ್ದೆ. ನಿನ್ನ ಕಾಗದ ಓದಿ ಬಾಯಿ ಬಿಚ್ಚಿ ಮರಳು ಸುರಿದೆ. ಏಳೇಳು ಇಂಚು ಕೊಯ್ದೆ. ಮತ್ತೆ ತುಂಬಿದೆ. ಹೋಗಲಿ ಬಿಡು, ಮರ ಕೊಯ್ಯಬಹುದು, ಬೆಳೆಸಲಾಗದು. ನೀನು ಎತ್ತರ ಮಾಡು ಅನ್ನಲಿಲ್ಲವಲ್ಲ, ಅದೇ ಪುಣ್ಯ.

ಭಾವನಿಗೆ ಸೋಮಾರಿತನ ಹತ್ತಿಕೊಂಡಿತು ಅನ್ನು. ಕೈಕುರ್ಚಿ, ಬಿಸಿಲು! ನಾನು ಬಂದಾಗ "ಬಾರೋ ಹಲ್ಲಯ್ಯ" ಅಂತ ಬೆನ್ನಿಗೆ ಗುದ್ದುವ ಮನುಷ್ಯ. ಕುರ್ಚಿಯಿಂದ ಎದ್ದು ಗುದ್ದಲು ಹೇಳು, ಈ ಸಲ ನಾನೂ ತಯಾರಾಗಿ ಬರುತ್ತೇನೆ.

ಮುಂದಿನ ವಾರ ಪಾರ್ಸಲ್ ಕಳಿಸಲಾ?

ತಮ್ಮ


ಮಾರ್ಚ್ 30

ಈಗಲೇ ಕಳಿಸಬೇಡ. ಸ್ವಲ್ಪ ತಡಿ.

ಅಕ್ಕ


ಏಪ್ರಿಲ್ 19

ತಮ್ಮಯ್ಯಾ,

ಹದಿಮೂರು ಇಂಚು. ಮಂಚದ ಪಕ್ಕ ಇಡೋಣ ಅಂತ. ದಿಂಬು ಒರಗಿಕೊಂಡು ಕೇಳಿದರೆ ಹಿತವಾಗಿರುತ್ತದೆ. ನಮ್ಮ ಮಂಚ ಗಿಡ್ಡ, ನಿನಗೇ ಗೊತ್ತು.

ನಿನಗೆ ಕಷ್ಟ ಕೊಡುತ್ತಿದ್ದೇನೆ. ಹೊಟ್ಟೆಗೆ ಹಾಕಿಕೋ. ಯಾಕೆ ಅಂತ ಮಾತ್ರ ಕೇಳಬೇಡ.

ಅಕ್ಕ


ಏಪ್ರಿಲ್ 27

ಅಕ್ಕಾ,

ಯಾಕೆ ಅಂತ ಕೇಳಬೇಡ ಅಂದಿದ್ದೀಯ. ಸರಿ, ಕೇಳುವುದಿಲ್ಲ. ಆದರೆ ಹೇಳುವುದನ್ನು ಹೇಳುತ್ತೇನೆ.

ಬಟ್ಟೆ ಅಂಗಡಿಯಲ್ಲಿ ಕಪಾಟೆಲ್ಲ ಇಳಿಸಿ ಕೊನೆಗೆ ಕರವಸ್ತ್ರ ಕೊಳ್ಳುವವಳು ನೀನು. ಅದು ಅಂಗಡಿಯವನ ಹಣೆಬರಹ. ಇದು ನನ್ನ ಭಾನುವಾರ. ಸುಳ್ಳು ಹೇಳಬೇಡ, ಭಾವನಿಗೆ ವಿಷಯ ಗೊತ್ತಾಗಿದೆ. ಅವರೇ ಕೂತಲ್ಲಿಂದ ಹುಕುಂ ಕೊಡಿಸುತ್ತಿದ್ದಾರೆ. ಹಲ್ಲಯ್ಯನ ಕೆಲಸದಲ್ಲಿ ಹುಳುಕು ಹುಡುಕದೆ ಅವರಿಗೆ ಯಾವತ್ತು ನಿದ್ದೆ ಬಂದಿದೆ? ಇಷ್ಟವಿಲ್ಲದಿದ್ದರೆ ಬೇಡ ಅನ್ನಲಿ, ನಾನೇನು ಬೇಜಾರು ಮಾಡಿಕೊಳ್ಳುವುದಿಲ್ಲ.

ಮಾಡಿಕೊಳ್ಳುತ್ತೇನೆ. ಆದರೂ ಹೇಳಲಿ.

ಹದಿಮೂರಕ್ಕೆ ಕೊಯ್ದಿಟ್ಟಿದ್ದೇನೆ. ಇದೇ ಕೊನೆ.

ತಮ್ಮ


ಮೇ 21

ಎರಡು ಇಂಚು.

ತಪ್ಪು ತಿಳಿಯಬೇಡ ಕಣೋ.

ಅಕ್ಕ


ಮೇ 26

ಅಕ್ಕಾ,

ನಿನ್ನ ಕಾಗದ ಕೈಯಲ್ಲಿ ಹಿಡಿದು ಮೊದಲು ನಕ್ಕೆ. ಎರಡಿಂಚಿನದಕ್ಕೆ ಸ್ಟ್ಯಾಂಡು ಅನ್ನುವುದಿಲ್ಲ, ಮಣೆ ಅನ್ನುತ್ತಾರೆ ಅಂತ ಇವಳಿಗೆ ಹೇಳಿದೆ. ಅವಳು ನಗಲಿಲ್ಲ. "ಎರಡು ಇಂಚು ಅಂದ್ರೆ ಕಿವಿ ಎಲ್ಲಿರುತ್ತೆ?" ಅಂದಳು.

ಹತ್ತೊಂಬತ್ತಕ್ಕೆ ಎರಡು ಕೂಡಿದರೆ ಇಪ್ಪತ್ತೊಂದು. ಗಿಡ್ಡ ಮಂಚದ ಮೇಲೆ ದಿಂಬಿಲ್ಲದೆ ಅಂಗಾತ ಮಲಗಿದವನ ಕಿವಿ ಅಲ್ಲಿರುತ್ತದೆ. ಹಗಲು ಹೊತ್ತಿನಲ್ಲೂ ಹಾಗೇ ಮಲಗಿರುವವನ ಕಿವಿ.

ನಾಲ್ಕು ತಿಂಗಳಿಂದ ನೀನು ನನಗೆ ಹೇಳುತ್ತಲೇ ಇದ್ದೆ. ನಾನು ಮರಳು ಚೆಲ್ಲಿದ ಲೆಕ್ಕ ಹೇಳುತ್ತಿದ್ದೆ.

ಭಾವನಿಗೆ ಏನಾಗಿದೆ? ನಾನು ಹೊರಟು ಬರಲಾ?

ತಮ್ಮ


ಜೂನ್ 2

ತಮ್ಮಯ್ಯಾ,

ನರದ ಕಾಯಿಲೆ. ಒಂದೊಂದೇ ನರ ಕೆಲಸ ಬಿಡುತ್ತಾ ಬರುತ್ತದಂತೆ. ಮೊದಲು ಸ್ಟೂಲಿನಿಂದ ಬಿದ್ದರು. ಆಮೇಲೆ ಕುರ್ಚಿಯಿಂದ ಎದ್ದರೂ ನಿಲ್ಲಲಾಗಲಿಲ್ಲ. ಆಮೇಲೆ ಕತ್ತು. ಈಗ ಮಾತೂ ಹೋಗಿದೆ. ಬಲಗೈ ಮಾತ್ರ ಮಣಿಕಟ್ಟಿನವರೆಗೆ ಅಲ್ಲಾಡುತ್ತದೆ. ಡಾಕ್ಟರು ಪ್ರತಿ ಸಲವೂ "ನೋಡೋಣ" ಅನ್ನುತ್ತಾರೆ. ಏನು ನೋಡುವುದು? ನಾನಂತೂ ದಿನವಿಡೀ ನೋಡುತ್ತಲೇ ಇದ್ದೇನೆ.

ಯಾಕೆ ಹೇಳಲಿಲ್ಲ ಅಂದರೆ, ಇಪ್ಪತ್ತೈದು ಇಂಚು ಅಂತ ಬರೆದಾಗ ನಾನೂ ಅದನ್ನೇ ನಂಬಿದ್ದೆ. ಪ್ರತಿ ಸಲ ಹೊಸ ಅಳತೆ ಬರೆಯುವಾಗ, ಇದು ಇಲ್ಲಿಗೆ ನಿಲ್ಲುತ್ತದೆ ಅನ್ನಿಸುತ್ತಿತ್ತು. ನಿನ್ನ ಕಾಗದಗಳಲ್ಲಿ ಮಾತ್ರ ಅವರು ಇನ್ನೂ ಬೆನ್ನಿಗೆ ಗುದ್ದುವ ಮನುಷ್ಯ. ಅಡುಗೆಮನೆಯಲ್ಲಿ ನಿಂತು ಓದುತ್ತಿದ್ದೆ. ಅಷ್ಟು ಹೊತ್ತು ನನಗೂ ಅವರು ಹಾಗೇ ಇರುತ್ತಿದ್ದರು.

ಬರಬೇಡ. ಮಾತಿದ್ದಾಗಲೇ ಅವರು ಹೇಳಿದ್ದರು, "ಯಾರ್ ಬಂದ್ರೂ ಪರವಾಗಿಲ್ಲ, ಹಲ್ಲಯ್ಯ ಬರೋದು ಬೇಡ. ಅವನನ್ನ ನೋಡಿ ನಗಕ್ಕಾಗದೆ ಇದ್ರೆ ನಂಗೆ ತಡ್ಕೊಳಕ್ಕಾಗಲ್ಲ."

ಮಣೆಯೇ ಆಗಲಿ, ಬೇಗ ಕಳಿಸು. ಮಾತು ಹೋದರೂ ಕಿವಿ ಹಾಗೇ ಇದೆ ಅಂದಿದ್ದಾರೆ ಡಾಕ್ಟರು. ಹಾಡೊಂದು ಕೇಳಿಸಿದರೆ ಸಾಕು ನನಗೆ.

ಅಕ್ಕ


ಜೂನ್ 17

ಅಕ್ಕನಿಗೆ ನಮಸ್ಕಾರಗಳು.

ಬರೆಯುತ್ತಿರುವವಳು ನಾನು, ನಿಮ್ಮ ತಮ್ಮನ ಹೆಂಡತಿ. ಹೇಳುತ್ತಿರುವವರು ಅವರು. ಕನ್ನಡಕ ಒಡೆದಿದೆ, ಅದಕ್ಕೆ ಇವಳ ಕೈಲಿ ಬರೆಸುತ್ತಿದ್ದೇನೆ ಅಂತ ಬರೆಯಲು ಹೇಳಿದರು.

ಎರಡು ಸ್ಟ್ಯಾಂಡುಗಳನ್ನೂ ಪಾರ್ಸಲ್ ಮಾಡಿದೆ. ಮೇಲೆ ಹಲಗೆ, ಕೆಳಗೆ ನಾಲ್ಕು ತುಂಡು. ಮರಳಿಗೆ ಜಾಗವಿಲ್ಲ, ಬದಲಿಗೆ ರಬ್ಬರು ಅಂಟಿಸಿದೆ. ಒಂದರ ಅಂಚು ಸ್ವಲ್ಪ ಒರಟಾಗಿ ಉಳಿದಿದೆ, ಭಾವ ಬೈಯಲಿ.

ಇಲ್ಲಿಗೆ ನಿಲ್ಲಿಸಿದರು. ಇನ್ನೇನು ಬರೆಯಲಿ ಅಂದೆ. ಅಷ್ಟೇ ಸಾಕು ಅಂದರು.

ನೀವು ಹೊತ್ತಿಗೆ ಸರಿಯಾಗಿ ಊಟ ಮಾಡಿ ಅಕ್ಕಾ. ಇದು ನಾನೇ ಬರೆದದ್ದು.


ಜುಲೈ 1

ತಮ್ಮಯ್ಯಾ,

ಪಾರ್ಸಲ್ ಬಂತು. ಮೇಲಿನ ಮನೆಯವರು ಪೆಟ್ಟಿಗೆಗಳನ್ನು ಎತ್ತಿ ಕೂರಿಸಿಕೊಟ್ಟರು. ಕಿವಿಯ ನೇರಕ್ಕೆ ದಾರ ಹಿಡಿದು ನೋಡಿದೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ತುಂಬ ಚೆನ್ನಾಗಿದೆ. ದಿನಾ ಕೇಳುತ್ತಾರೆ. ಅವರ ಮುಖ ಅರಳುತ್ತದೆ.

ನೀನು ಹೆಂಡತಿಯ ಕೈಲಿ ಬರೆಸಿದೆ. ನಿನ್ನ ಕನ್ನಡಕ ಓದುವಾಗಲೂ ತಲೆಯ ಮೇಲೇ ಇರುತ್ತದೆ ಅನ್ನುವುದು ನನಗೆ ಗೊತ್ತಿಲ್ಲವೇ? ಮೂರು ಸಲ ಅಳತೆ ಬದಲಿಸಿದೆ, ಕಾಯಿಲೆ ಮುಚ್ಚಿಟ್ಟೆ, ಬರಬೇಡ ಅಂದೆ. ಕೋಪ ಬರುವುದು ಸಹಜ. ಆದರೂ ನಾಲ್ಕು ಸಾಲು ನೀನೇ ಬೈದು ಬರೆದಿದ್ದರೆ ಚೆನ್ನಾಗಿತ್ತು. ಈ ಮನೆಯಲ್ಲಿ ನನ್ನನ್ನು ಬೈಯುವವರೂ ಯಾರಿಲ್ಲ ಈಗ.

ಅಕ್ಕ


ಆಗಸ್ಟ್ 11

ಅಕ್ಕಾ,

ಅಕ್ಷರ ಕೋಳಿ ಕೆದಕಿದ ಹಾಗಿದೆ, ಸಹಿಸಿಕೋ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಈ ಪುಟಕ್ಕೆ ಮೂರು ದಿನದ ಸಂಜೆ ಹಿಡಿಯಿತು.

ಹೋದ ತಿಂಗಳ ಕೊನೆಗೆ ಹೇಳದೆ ಕೇಳದೆ ನಿನ್ನ ಬಾಗಿಲಿಗೆ ಬಂದು ನಿಂತೆನಲ್ಲ, ಆಗ ನೀನು ನನ್ನ ಕೈ ನೋಡಿದೆ. ನಾನು ನಿನ್ನ ಹೆಗಲಿನ ಆಚೆ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿದ್ದ ಸ್ಪೀಕರುಗಳನ್ನು ನೋಡಿದೆ. ಮೇಲೆ ಚಾದರ, ಚಾದರದ ಮೇಲೆ ಔಷಧಿ ಬಾಟಲು. "ಪ್ರಯಾಣ ಹೇಗಾಯ್ತು?" ಅಂದೆ ನೀನು. "ಬಸ್ಸಲ್ಲಿ ಜಾಗ ಸಿಕ್ತು" ಅಂದೆ ನಾನು. ಎರಡು ದಿನ ನೋಡಿದ್ದರ ಸುತ್ತಲೇ ಓಡಾಡಿದೆವು. ಈಗಲಾದರೂ ನನ್ನ ಪಾಲಿನದು ಹೇಳಿಬಿಡುತ್ತೇನೆ.

ಗಿಡ್ಡ ತುಂಡುಗಳನ್ನು ಕೈಗರಗಸದಲ್ಲಿ ನೇರ ಕೊಯ್ಯಲಾಗಲಿಲ್ಲ. ಬೀದಿಯ ಕೊನೆಯಲ್ಲಿ ಫೋಟೋಗೆ ಕಟ್ಟು ಹಾಕುವವನ ಹತ್ತಿರ ಕರೆಂಟಿನ ಗರಗಸ ಇದೆ. "ಅಷ್ಟು ಸಣ್ಣದು ಬೇಡ ಸಾರ್, ಬೆರಳು ಹತ್ರ ಹೋಗುತ್ತೆ" ಅಂದ. ನನಗೆ ಅವಸರ. ಬಲಗೈಯ ಎರಡು ಬೆರಳಿಗೆ ಗರಗಸ ತಾಗಿತು. ಬೆರಳು ಇವೆ, ಆದರೆ ಮಡಚುವುದಿಲ್ಲ. ಹಲ್ಲಿಗೆ ಮೇಣ ತೀಡುವ ಚಾಕು ಹಿಡಿಯಲಾಗುವುದಿಲ್ಲ. ಈಗ ಕ್ಲಿನಿಕ್ಕಿನ ಮುಂದಿನ ಕೋಣೆಯಲ್ಲಿ ಕೂತು ಬಂದವರ ಹೆಸರು ಕೂಗುತ್ತೇನೆ. ನಿನಗೆ ತಿಳಿಸಿದರೆ ಆ ಎರಡಿಂಚನ್ನು ನಿನ್ನ ತಲೆಗೆ ಕಟ್ಟಿಕೊಳ್ಳುತ್ತೀಯ ಅಂತ ಸುಮ್ಮನಿದ್ದೆ. ಗರಗಸ ಹಿಡಿದದ್ದು ನಾನು, ನೀನಲ್ಲ.

ಸದ್ದು ಕೇಳಿದರೆ ಭಾವನಿಗೆ ತಲೆಗೆ ಹೊಡೆದಂತಾಗುತ್ತದೆ ಅಂತ ನಾನು ಹೊರಡುವ ದಿನ ನೀನು ಬಸ್‌ಸ್ಟಾಪಿನಲ್ಲಿ ಹೇಳಿದೆ. ಮೊದಲ ಹಾಡು ಹಾಕಿದ ದಿನವೇ ಕಣ್ಣಲ್ಲಿ ನೀರು ಸುರಿಯಿತಂತೆ. ನೀನು ಸಂತೋಷ ಅಂದುಕೊಂಡು ಇನ್ನಷ್ಟು ಜೋರು ಮಾಡಿದೆಯಂತೆ. ಅದನ್ನು ಹೇಳುವಾಗ ನೀನು ನನ್ನ ಮುಖ ನೋಡಲಿಲ್ಲ. ಬಸ್ಸು ಬಂತು, ಹತ್ತಿದೆ. ಇಡೀ ದಾರಿ ಕಿಟಕಿಗೆ ತಲೆ ಕೊಟ್ಟು ಕೂತಿದ್ದೆ.

ನಿನಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಎರಡನೇ ದಿನ ಮಧ್ಯಾಹ್ನ ನೀನು ಔಷಧಿ ತರಲು ಹೋದೆಯಲ್ಲ, ಆಗ ನಾವಿಬ್ಬರೇ. ನಾನು ಬಂದಾಗಿನಿಂದ ಅವರು ಕಣ್ಣು ಮುಚ್ಚಿಕೊಂಡೇ ಇದ್ದರು. ನಿದ್ದೆಯಲ್ಲ, ನನ್ನನ್ನು ನೋಡಬಾರದು ಅಂತ. ಕೈಕಾಲು ಎಲ್ಲಿಡಬೇಕು ತಿಳಿಯದೆ ನೆಲದ ಮೇಲೆ ಕೂತೆ. ಎದುರಿಗೇ ಸ್ಟ್ಯಾಂಡಿನ ಆ ಒರಟು ಅಂಚು. ನಿಮ್ಮ ಬೀದಿಯ ಅಂಗಡಿಯಲ್ಲಿ ಬೆಳಿಗ್ಗೆ ಮರಳುಕಾಗದ ತಂದಿದ್ದೆ. ಎಡಗೈಯಲ್ಲಿ ಮೆಲ್ಲಗೆ ಉಜ್ಜತೊಡಗಿದೆ. ನಾಲ್ಕು ಸಲ ಉಜ್ಜಿದ ಮೇಲೆ ಗೋಡೆಗೆ ತಿರುಗಿದ ಸ್ಪೀಕರು ಕಂಡು ಹೊಳೆಯಿತು, ಸದ್ದು ಆಗದೇನೋ ಇವರಿಗೆ! ಗಾಬರಿಯಿಂದ ನಿಲ್ಲಿಸಿ ನೋಡಿದರೆ ಭಾವ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದರು. "ತಪ್ಪಾಯ್ತು ಭಾವ, ನಿಲ್ಲಿಸ್ದೆ" ಅಂದೆ. ನನ್ನಿಂದ ಕಣ್ಣು ಕೀಳಲಿಲ್ಲ. ಬೈಯುತ್ತಿದ್ದಾರೋ, ಕೇಳುತ್ತಿದ್ದಾರೋ ತಿಳಿಯಲಿಲ್ಲ. ಹೆದರುತ್ತಲೇ ಮತ್ತೆ ಒಮ್ಮೆ ಉಜ್ಜಿದೆ. ಹುಬ್ಬು ಸಡಿಲವಾಯಿತು. ಉಜ್ಜುತ್ತಲೇ ಹೋದೆ. ಸ್ವಲ್ಪ ಹೊತ್ತಿಗೆ ನಿಜವಾದ ನಿದ್ದೆ ಬಂತು ಅವರಿಗೆ, ಬಾಯಿ ತೆರೆದು.

ನೀನು ಬಂದು "ಹೇಗೋ ಮಲಗಿಸ್ದೆ?" ಅಂದೆ. ನಾನು ಗೊತ್ತಿಲ್ಲ ಅಂದೆ. ಕಾಕತಾಳೀಯ ಇರಬಹುದು, ಸುಮ್ಮನೆ ನಿನಗೆ ಆಸೆ ಹುಟ್ಟಿಸಬಾರದು ಅನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ. ಆದರೆ ಹೇಳದೆ ಉಳಿಸಿಕೊಳ್ಳುವ ಶಕ್ತಿ ಇನ್ನು ನನಗಿಲ್ಲ.

ತಮ್ಮ


ಆಗಸ್ಟ್ 29

ತಮ್ಮಯ್ಯಾ,

ನಿನ್ನ ಕೈ ನೋಡಿದಾಗಲೇ ನನಗೆ ಎಲ್ಲ ತಿಳಿಯಿತು. ಆ ಕೈ ಹಿಡಿದುಕೊಂಡು ಒಮ್ಮೆ ಅಳಬೇಕಿತ್ತು. ಪಕ್ಕದ ಕೋಣೆಯಲ್ಲಿ ಅವರಿಗೆ ಕೇಳಿಸುತ್ತದಲ್ಲ, ಅದಕ್ಕೆ ಬಸ್ಸಿನ ಮಾತಾಡಿದೆ.

ನೀನು ಹೋದ ಮಾರನೇ ದಿನದಿಂದ ಅವರು ಅಂಗೈಯನ್ನು ಹಾಸಿಗೆಯ ಮೇಲೆ ಹಿಂದೆ ಮುಂದೆ ಆಡಿಸತೊಡಗಿದರು. ನೀರು ಕೊಟ್ಟೆ, ಬೇಡ. ಕಿಟಕಿ ತೆರೆದೆ, ಮುಚ್ಚಿದೆ. ಹಾಸಿಗೆ ಬದಲಿಸಿದೆ. ಕಾಲು ಒತ್ತಿದೆ. ಬಾಟಲುಗಳನ್ನೆಲ್ಲ ಒಂದೊಂದಾಗಿ ಎತ್ತಿ ತೋರಿಸಿದೆ. ಯಾವುದೂ ಅಲ್ಲ. ಕೊನೆಗೆ ಅವರಿಗೂ ಸಾಕಾಗಿ ಗೋಡೆಯ ಕಡೆ ಕಣ್ಣು ತಿರುಗಿಸುತ್ತಿದ್ದರು. ಇಷ್ಟು ವರ್ಷ ಒಟ್ಟಿಗೆ ಬಾಳಿದ ಮನುಷ್ಯ ಏನೋ ಒಂದು ಕೇಳುತ್ತಿದ್ದಾರೆ, ನನಗೆ ತಿಳಿಯುತ್ತಿಲ್ಲ. ಒಂದು ದಿನ ಸಿಟ್ಟು ತಡೆಯಲಾಗದೆ "ಏನ್ ಬೇಕು ಅಂತಾನಾದ್ರೂ ಹೇಳಿ ಅಂದ್ರೆ" ಅಂತ ಕೂಗಿಬಿಟ್ಟೆ. ಮಾತಿಲ್ಲದವರಿಗೆ ಕೂಗಿದೆ. ಸದ್ದಿಗೆ ಅವರ ಮುಖ ಹಿಂಡಿಹೋಯಿತು.

ಆಮೇಲೆ ನಿನ್ನ ಕಾಗದ ಬಂತು. ಓದುತ್ತಿದ್ದ ಹಾಗೇ ಚಪ್ಪಲಿ ಮೆಟ್ಟಿ ಮರಳುಕಾಗದ ತರಲು ಅಂಗಡಿಗೆ ಓಡಿದೆ.

ಸ್ಟ್ಯಾಂಡಿನ ಪಕ್ಕ ಕೂತು ಉಜ್ಜಿದೆ. ಕೈ ಆಡಿಸುವುದು ನಿಲ್ಲಿಸಿದರು. ನಾನು ಪಾತ್ರೆ ತಿಕ್ಕುವ ಹಾಗೆ ತಿಕ್ಕುತ್ತಿದ್ದೆ ಅಂತ ಕಾಣುತ್ತದೆ, ಬೆರಳೆತ್ತಿ ಹಾಸಿಗೆಯ ಮೇಲೆ ಉದ್ದಕ್ಕೆ, ನಿಧಾನವಾಗಿ ಎಳೆದು ತೋರಿಸಿದರು. ಹಾಗೇ ಮಾಡಿದೆ. ಇನ್ನೂ ನಿಧಾನ ಅಂತ ಮತ್ತೆ ಎಳೆದರು. ನನಗೆ ಅವರು ಏನಾದರೂ ಹೇಳಿ, ಅದು ನನಗೆ ಅರ್ಥವಾಗಿ, ಎಷ್ಟು ಕಾಲವಾಗಿತ್ತೋ.

ಅವರು ಗುಣವಾಗುವುದಿಲ್ಲ. ಈಗ ನುಂಗುವುದೂ ಕಷ್ಟ. ಡಾಕ್ಟರು ಈ ಸಲ "ನೋಡೋಣ" ಅನ್ನಲೂ ಇಲ್ಲ. ನನ್ನ ಕೈಲಿ ಆಗುವುದು ಇದೊಂದೇ. ಬೆಳಿಗ್ಗೆ ಒಂದಷ್ಟು ಹೊತ್ತು, ಸಂಜೆ ಒಂದಷ್ಟು ಹೊತ್ತು.

ಎರಡು ಸ್ಟ್ಯಾಂಡೂ ಈಗ ಗಾಜಿನಂತೆ ನುಣುಪಾಗಿಬಿಟ್ಟಿವೆ. ನುಣುಪಾದ ಮೇಲೆ ಸದ್ದು ಬದಲಾಗುತ್ತದೆ, ನನಗೂ ಗೊತ್ತಾಗುತ್ತಿದೆ. ಅವರಿಗೆ ಸಾಲದು. ನಿನ್ನೆಯಿಂದ ಮತ್ತೆ ಕೈ ಆಡಿಸುತ್ತಿದ್ದಾರೆ.

ಒಂದು ಮರದ ತುಂಡು ಕಳಿಸು. ಯಾವ ಮರವಾದರೂ ಆದೀತು. ನೀನು ಕೊಯ್ಯಬೇಡ, ಉಜ್ಜಬೇಡ, ಇದ್ದ ಹಾಗೇ ಕಳಿಸು. ಒರಟಾಗಿರಲಿ. ದೊಡ್ಡದೇ ಇರಲಿ.

ಅಕ್ಕ